ವೈಟ್‌ಫೀಲ್ಡ್: ಕನ್ನಡ ನೆಲದ ಒಂದು ಆಂಗ್ಲ ಗ್ರಾಮ

ಕಲ್ಕತ್ತೆಯ ಪೂರ್ವ ದಿಕ್ಕಿನಲ್ಲಿರುವ ಸಾಲ್ಟ್ ಲೇಕ್ ನಗರವು ನಿಂತಿರುವ ನೆಲ ಹಿಂದೆ ಉಪ್ಪುನೀರಿನ ಜೌಗಾಗಿತ್ತು. ಅಲ್ಲಿ ಮೀನು ಸಾಕುವ ಭೇರಿಗಳಿದ್ದುವು. ಮುಖ್ಯಮಂತ್ರಿ ಡಾಕ್ಟರ್ ಬಿಧಾನಚಂದ್ರ ರಾಯರ ಸಂಕಲ್ಪದಂತೆ 1962ರಲ್ಲಿ ಹೂಗ್ಲಿ ನದಿಯ ಹೂಳನ್ನು ಕೊಳವೆಗಳಲ್ಲಿ ತಂದು ಆ ಜೌಗನ್ನು ತುಂಬಲು ತೊಡಗಿದರು. ಯುಗೊಸ್ಲಾವಿಯದ ವಾಸ್ತುಶಿಲ್ಪಿ ದೊಬ್ರಿವೊಯೆ ತೋಶ್ಕೊವಿಚ್ ಅದರ ನಕ್ಷೆಯನ್ನು ರಚಿಸಿದರು. ಹೀಗೆ ಮೊದಲು ಕಾಗದದ ಮೇಲೆ ಹುಟ್ಟಿ, ಅನಂತರ ನೆಲದ ಮೇಲೆ ಬೆಳೆದ ಊರು ಕನ್ನಡ ನಾಡಿನಲ್ಲಿಯೂ ಒಂದಿದೆ. ಅದು ಸಾಲ್ಟ್ ಲೇಕಿಗಿಂತ ಎಂಬತ್ತು ವರ್ಷ ಹಿರಿದು. ಬೆಂಗಳೂರಿನ ಪೂರ್ವದ ಬಯಲಿನಲ್ಲಿ 1882ರಲ್ಲಿ ಸ್ಥಾಪಿತವಾದ ವೈಟ್‌ಫೀಲ್ಡೇ ಆ ಊರು. ಇಂಗ್ಲೆಂಡಿನ ಹಳ್ಳಿಯೊಂದರ ಬಾಳನ್ನು ರಾಗಿ ಬೆಳೆಯುವ ಕೆಂಪುಮಣ್ಣಿನಲ್ಲಿ ನೆಡುವ ಪ್ರಯತ್ನ ಅಲ್ಲಿ ನಡೆಯಿತು. ಅದರ ಸೋಲು ಗೆಲವುಗಳು ಪರಸ್ಥಳದಲ್ಲಿ ನೆಲಸಿದ ಯಾವ ಸಮುದಾಯಕ್ಕೂ ವಿಚಾರಯೋಗ್ಯವಾದುವು.

ಈ ಕಥೆಯ ಬೇರುಗಳು ಕಲ್ಕತ್ತೆಯಲ್ಲಿಯೇ ಇವೆ. ಯುರೋಪಿನ ತಂದೆಗೂ ಭಾರತದ ತಾಯಿಗೂ ಹುಟ್ಟಿದ ಸಂತತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಮೊದಮೊದಲು ತನ್ನವರೆಂದೇ ಎಣಿಸುತ್ತಿತ್ತು. ಆದರೆ 1786ರಲ್ಲಿ ಕಲ್ಕತ್ತೆಯ ಅನಾಥಶಾಲೆಯ ಮಕ್ಕಳು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗುವುದನ್ನು ಕಂಪನಿ ನಿಷೇಧಿಸಿತು. 1791ರಲ್ಲಿ ಅವರನ್ನು ತನ್ನ ಸಿವಿಲ್, ಸೈನಿಕ ಮತ್ತು ನೌಕಾ ಸೇವೆಗಳಿಂದ ಹೊರಗಿಟ್ಟಿತು. 1795ರ ಆಜ್ಞೆಯಂತೆ ಸೈನ್ಯದಲ್ಲಿ ಅವರಿಗೆ ಉಳಿದುದು ಕೊಳಲೂದುವ, ತಮ್ಮಟೆ ಬಾರಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸಗಳು ಮಾತ್ರ. ಈ ಅನ್ಯಾಯವನ್ನು ತೋಡಿಕೊಳ್ಳಲು ಕಲ್ಕತ್ತೆಯ ಜಾನ್ ರಿಕೆಟ್ಸ್ ಸಮುದಾಯದ ಮನವಿಯೊಡನೆ ಇಂಗ್ಲೆಂಡಿಗೆ ಹೋದನು. ಆ ಮನವಿ 1830ರಲ್ಲಿ ಪಾರ್ಲಿಮೆಂಟಿನ ಮುಂದೆ ಬಂದಿತು. ಮುಂದೆ ರೈಲ್ವೆ, ತಂತಿ, ಸುಂಕದ ಇಲಾಖೆಗಳು ಇವರಿಗೆ ಅನ್ನ ಕೊಟ್ಟವು. ಆದರೆ ಆ ಅನ್ನ ಸರಕಾರದ ಕೈಯಲ್ಲಿತ್ತು. ಇಂಗ್ಲಿಷ್ ಕಲಿತ ಭಾರತೀಯರ ಸಂಖ್ಯೆ ಬೆಳೆದಂತೆಲ್ಲ ಅದು ಇವರಿಗೆ ದುರ್ಲಭವಾಗತೊಡಗಿತು.

ಇದನ್ನು ಮನಗಂಡವರಲ್ಲಿ ಮದರಾಸಿನ ಡಿ. ಎಸ್. ವೈಟ್ ಪ್ರಮುಖನು. 1879ರಲ್ಲಿ ಆತನು ದಕ್ಷಿಣ ಭಾರತದ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘವನ್ನು ಸ್ಥಾಪಿಸಿದನು. ತನ್ನ ಜನ ಗುಮಾಸ್ತಗಿರಿಯನ್ನೇ ನಂಬಿರದೆ ನೆಲವನ್ನು ನಂಬಬೇಕು, ಉಳುವವರಿಗೆ ಮಾತ್ರ ದೇಶವು ಸ್ವದೇಶವಾಗುತ್ತದೆ ಎಂಬುದು ಆತನ ಯೋಜನೆಯ ತಿರುಳು. 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಸಂಘದ ಮೈಸೂರು-ಕೊಡಗು ಶಾಖೆಗೆ 3,900 ಎಕರೆ ಭೂಮಿಯನ್ನು ಅನುಗ್ರಹಿಸಿದರು. ವೈಟನ ಹೆಸರಿನಿಂದ ಊರು ವೈಟ್‌ಫೀಲ್ಡ್ ಎನಿಸಿತು.

ಈ ದಾನದ ಕಾಲವನ್ನು ಗಮನಿಸಬೇಕು. ಅರ್ಧ ಶತಮಾನದ ಬ್ರಿಟಿಷ್ ಆಡಳಿತ ಮುಗಿದು ಮೈಸೂರು ಅರಸರ ಕೈಗೆ ಮರಳಿದುದು 1881ರ ಮಾರ್ಚ್ 25ರಂದು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ ನಾಡನ್ನು ಹಾಳುಗೆಡವಿತ್ತು. 1871ರಲ್ಲಿ ಐವತ್ತು ಲಕ್ಷ ಐವತ್ತೈದು ಸಾವಿರದಷ್ಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೊಂದು ಲಕ್ಷ ಎಂಬತ್ತಾರು ಸಾವಿರಕ್ಕೆ ಇಳಿದಿತ್ತು. ಉಳುವ ಕೈಗಳಿಲ್ಲದೆ ಹೊಲಗಳು ಬೀಳುಬಿದ್ದಿದ್ದ ಕಾಲದಲ್ಲಿ, ಉಳುತ್ತೇವೆಂದು ಬಂದವರಿಗೆ ನೆಲ ಕೊಡುವುದು ಅರಸನ ಔದಾರ್ಯವೂ ಹೌದು, ವಿವೇಕವೂ ಹೌದು.

ಕನ್ನಡ ನಾಡಿಗೆ ಇದು ಹೊಸ ಪದ್ಧತಿಯೂ ಅಲ್ಲ. ವೈಟ್‌ಫೀಲ್ಡಿನ ನೆರೆಯಲ್ಲಿಯೇ ಪಟ್ಟಂದೂರು ಅಗ್ರಹಾರವೆಂಬ ಗ್ರಾಮವಿದೆ. ಅಗ್ರಹಾರವೆಂದರೆ ವಿದ್ವಜ್ಜನರು ನೆಲಸಲೆಂದು ಅರಸನು ಬಿಟ್ಟ ಊರು. ಹೊರಗಿನಿಂದ ಬಂದವರಿಗೆ ನೆಲವಿತ್ತು ನೆಲೆಗೊಳಿಸುವ ರೂಢಿ ಇಲ್ಲಿ ಶತಮಾನಗಳಿಂದ ಬಂದುದು. ಯುರೇಷಿಯನ್ನರ ಗ್ರಾಮವು ಆ ಪರಂಪರೆಯ ಕೊನೆಯ ಕೊಂಡಿಗಳಲ್ಲೊಂದು. ಆದರೆ ಒಂದು ಭೇದವುಂಟು. ಹಳೆಯ ಅಗ್ರಹಾರದ ದತ್ತಿಯಲ್ಲಿ ಉಳುಮೆ ಅನ್ಯರದಾಗಿದ್ದು, ಫಲ ಮಾತ್ರ ಪಡೆದವರಿಗೆ ಸಲ್ಲುತ್ತಿದ್ದಿತು; ವೈಟನು ಬಯಸಿದುದು ನೇಗಿಲಿಗೆ ಕೈಹಾಕುವ ಒಕ್ಕಲುತನವನ್ನು.

ಊರಿನ ನಕ್ಷೆಯೇ ಅದರ ಆಶಯವನ್ನು ಸಾರುತ್ತದೆ. ನಡುವೆ ವೃತ್ತಾಕಾರದ ಹಸುರು ಬಯಲು, ಅದರ ಸುತ್ತ ದಾರಿ, ದಾರಿಯಂಚಿನಲ್ಲಿ ತೋಟಗಳ ನಡುವಣ ಮನೆಗಳು. ಆ ಭಾಗವನ್ನು ಇಂದಿಗೂ ಇನ್ನರ್ ಸರ್ಕಲ್ ಎಂದೇ ಕರೆಯುತ್ತಾರೆ. ಮನೆ ಎಂದರೆ ಹಂಚಿನ ಮಾಡು, ಮುಂದೆ ಮೊಗಸಾಲೆ, ಹೂವಿನ ಮಡಿಗಳು. 1886ರಲ್ಲಿ ಮೆಮೋರಿಯಲ್ ಚರ್ಚು ಎದ್ದಿತು. ಮದರಾಸಿನಿಂದ ಬೆಂಗಳೂರಿಗೆ 1864ರಲ್ಲಿ ಬಂದ ರೈಲು ಹತ್ತಿರದಲ್ಲಿಯೇ ಹಾಯುತ್ತಿತ್ತು. ದಂಡಿನ ಪ್ರದೇಶ ಸುಮಾರು ಹನ್ನೆರಡು ಮೈಲಿ ದೂರದಲ್ಲಿತ್ತು. ಪೇಟೆಯ ಗದ್ದಲ ತಟ್ಟದಷ್ಟು ದೂರ, ಸಾಮಾನು ತರಲಾರದಷ್ಟು ದೂರವಲ್ಲ.

ಈ ಬಾಳಿಗೆ ಒಂದು ಸೊಬಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೃಷಿಯ ಲೆಕ್ಕ ಬೇರೆ. ಅಲ್ಲಿಯ ನೆಲ ಬಹುಮಟ್ಟಿಗೆ ಕುಷ್ಕಿ; ನದಿಯಿಲ್ಲ, ನಾಲೆಯಿಲ್ಲ. ವರ್ತೂರಿನಂತಹ ಕೆರೆಗಳ ಕೆಳಗಣ ತರಿಭೂಮಿಯಾದರೋ ಹಳೆಯ ಹಳ್ಳಿಗಳದು. ರಾಗಿ, ಅವರೆ, ಹುರುಳಿಗಳನ್ನು ಮಳೆ ನಂಬಿ ಬೆಳೆಯುವ ಒಕ್ಕಲಿಗನು ಮನೆಮಂದಿಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬದುಕುತ್ತಾನೆ. ಕೂಲಿ ಕೊಟ್ಟು ಬೇಸಾಯ ಮಾಡಿಸುವವನಿಗೆ ಅದೇ ಹೊಲ ನಷ್ಟದ ಬಾಬತ್ತಾಗುತ್ತದೆ. ನೆಲವನ್ನು ದಾನವಾಗಿ ಪಡೆಯಬಹುದು. ಎತ್ತು, ಬಾವಿ, ಬಿತ್ತನೆಯಿಂದ ಕೊಯಿಲಿನವರೆಗಿನ ಜೀವನೋಪಾಯ ಇವಕ್ಕೆ ಮೂಲಧನ ಬೇಕು. ಮೂಲಧನವಿಲ್ಲವೆಂಬ ಕಾರಣಕ್ಕಾಗಿಯೇ ಅಲ್ಲವೇ ಬಡ ಯುರೇಷಿಯನ್ನನಿಗೆ ಆ ನೆಲ ಬೇಕಾದುದು! ಹೀಗಾಗಿ ವೈಟ್‌ಫೀಲ್ಡು ಬಡವರ ಒಕ್ಕಲು ಗ್ರಾಮವಾಗುವುದಕ್ಕೆ ಬದಲಾಗಿ, ರೈಲ್ವೆ ಮೊದಲಾದ ಇಲಾಖೆಗಳಿಂದ ನಿವೃತ್ತರಾದ ಪಿಂಚಣಿದಾರರ ನೆಮ್ಮದಿಯ ತಾಣವಾಗುತ್ತ ಬಂದಿತು.

ಇದೇ ಪ್ರಯೋಗ ಮತ್ತೊಮ್ಮೆ ನಡೆದುದೂ ಕಲ್ಕತ್ತೆಯ ಪ್ರೇರಣೆಯಿಂದಲೇ. 1933ರಲ್ಲಿ ಕಲ್ಕತ್ತೆಯ ಭೂವ್ಯವಹಾರಿ ಅರ್ನೆಸ್ಟ್ ತಿಮೊತಿ ಮೆಕ್ಲಸ್ಕಿ ರಾಂಚಿಯ ಸಮೀಪ, ರಾತೂ ಮಹಾರಾಜನಿಂದ ಸುಮಾರು ಹತ್ತು ಸಾವಿರ ಎಕರೆಯನ್ನು ಗೇಣಿಗೆ ಪಡೆದು ಮೆಕ್ಲಸ್ಕಿಗಂಜ್ ಎಂಬ ಆಂಗ್ಲೋ-ಇಂಡಿಯನ್ ನೆಲೆಯನ್ನು ಕಟ್ಟಿದನು. ನೂರಾರು ಕುಟುಂಬಗಳು ಅಲ್ಲಿ ಬಂದು ನೆಲಸಿದುವು. 1947ರ ಅನಂತರ ಎರಡು ಊರುಗಳಿಗೂ ಒಂದೇ ಗತಿ: ತರುಣರು ಬ್ರಿಟನ್, ಆಸ್ಟ್ರೇಲಿಯ, ಕೆನಡಾಗಳಿಗೆ ಹೊರಟುಹೋದರು, ತೋಟಗಳಲ್ಲಿ ಮುದುಕರು ಉಳಿದರು.

ಅವರು ಏಕೆ ಹೋದರು? ಬಡತನವೊಂದೇ ಉತ್ತರವಲ್ಲ. ವೃತ್ತಾಕಾರದ ಊರಿನಲ್ಲಿ ಪ್ರತಿ ಮನೆಯೂ ನಡುವಣ ಬಯಲಿಗೆ ಮುಖಮಾಡಿ, ಸುತ್ತಣ ನಾಡಿಗೆ ಬೆನ್ನುಮಾಡಿ ನಿಂತಿರುತ್ತದೆ. ಶಾಲೆ, ಚರ್ಚು, ಪತ್ರವ್ಯವಹಾರ ಎಲ್ಲವೂ ಇಂಗ್ಲಿಷಿನಲ್ಲಿ. ನೆರೆಯ ಕಾಡುಗೋಡಿಯ ಮಾತು ಹಿತ್ತಿಲ ಬಾಗಿಲಿನಿಂದ, ಅಡಿಗೆಯವನ ಮತ್ತು ಮಾಲಿಯ ಸಂಗಡ ಒಳಬಂದಿತೇ ಹೊರತು ಮೊಗಸಾಲೆಯನ್ನು ಏರಲಿಲ್ಲ. ಆದರೂ ಸಂಪರ್ಕವೇ ಇರಲಿಲ್ಲವೆನ್ನುವುದು ತಪ್ಪಾದೀತು. ದಕ್ಷಿಣದ ಆಂಗ್ಲೋ-ಇಂಡಿಯನ್ ಮನೆಗಳ ಊಟದಲ್ಲಿ ಪೆಪ್ಪರ್ ವಾಟರ್ ಎಂಬುದಕ್ಕೆ ನಿತ್ಯದ ಸ್ಥಾನವಿದೆ. ಹುಣಿಸೆ, ಮೆಣಸು, ಜೀರಿಗೆಗಳ ಅದು ನಮ್ಮ ಮೆಣಸಿನ ಸಾರೇ. ನಾಲಗೆಯು ರುಚಿಯನ್ನು ಒಪ್ಪಿಕೊಂಡು ಮಾತನ್ನು ದೂರವಿಟ್ಟಿತು. ಅಡಿಗೆಮನೆಯಲ್ಲಿ ಆದ ಕೂಡಿಕೆ ಪಡಸಾಲೆಯಲ್ಲಿಯೂ ಆಗಿದ್ದರೆ ಹೋದವರಲ್ಲಿ ಕೆಲವರಾದರೂ ನಿಲ್ಲುತ್ತಿದ್ದರೆಂದು ತೋರುತ್ತದೆ.

ಸಂವಿಧಾನವು ಈ ಸಮುದಾಯವನ್ನು ಮರೆಯಲಿಲ್ಲ. ಲೋಕಸಭೆಯಲ್ಲಿಯೂ ಶಾಸನಸಭೆಗಳಲ್ಲಿಯೂ ನಾಮಕರಣದ ಮೂಲಕ ಅವರಿಗೆ ಸ್ಥಾನವಿತ್ತು. 104ನೆಯ ತಿದ್ದುಪಡಿಯ ತರುವಾಯ, 2020ರ ಜನವರಿಯಲ್ಲಿ, ಆ ಸೌಲಭ್ಯ ಕೊನೆಗೊಂಡಿತು. ಅಷ್ಟರಲ್ಲಿ ಅವರ ಗ್ರಾಮವೂ ಗುರುತು ಸಿಗದಂತಾಗಿತ್ತು. 1990ರ ದಶಕದಲ್ಲಿ ಪಟ್ಟಂದೂರು ಅಗ್ರಹಾರದ ನೆಲದಲ್ಲಿ ತಂತ್ರಾಂಶ ಸಂಸ್ಥೆಗಳ ಸೌಧಗಳು ಎದ್ದುವು. 2007ರಲ್ಲಿ ಪ್ರದೇಶವೆಲ್ಲ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಸಾಲ್ಟ್ ಲೇಕಿನ ಐದನೆಯ ಸೆಕ್ಟರನ್ನು ಬಲ್ಲವರಿಗೆ ಈ ಪರಿವರ್ತನೆಯನ್ನು ವಿವರಿಸಬೇಕಾಗಿಲ್ಲ. ಒಂದೆಡೆ ಜೌಗು, ಒಂದೆಡೆ ಕುಷ್ಕಿ. ಎರಡೂ ಇಂದು ಗಣಕಯಂತ್ರದ ಬೆಳೆ ಬೆಳೆಯುತ್ತಿವೆ. ವೈಟ್‌ಫೀಲ್ಡಿನಲ್ಲಿ ಈಗ ಮತ್ತೆ ಪರಸ್ಥಳದವರು ನೆಲಸಿದ್ದಾರೆ. ಎತ್ತರದ ಗೋಡೆಯ ಆವರಣಗಳಲ್ಲಿ, ನಡುವಣ ಹಸುರಿಗೆ ಮುಖಮಾಡಿಯೇ ಬಹಳ ಮಂದಿ ಬಾಳುತ್ತಿದ್ದಾರೆ. ಅವರಲ್ಲಿ ಬಂಗಾಳಿಗಳೂ ಇದ್ದಾರೆ. ಬಂಗಾಳದಲ್ಲಿ ಕನ್ನಡಿಗರು ಇರುವ ಹಾಗೆಯೇ.

ಪರನಾಡಿನಲ್ಲಿ ತನ್ನ ನುಡಿಯ ಸಂಘವನ್ನು ಕಟ್ಟಿಕೊಳ್ಳುವುದು ಸಹಜವೂ ಅವಶ್ಯವೂ ಆದ ಕಾರ್ಯ. ವೈಟನು ಮಾಡಿದುದೂ ಅದನ್ನೇ. ಆದರೆ ಆವರಣದ ಬಾಗಿಲು ಯಾವ ಕಡೆಗೆ ತೆರೆದಿದೆ ಎಂಬುದರ ಮೇಲೆ ಎರಡನೆಯ, ಮೂರನೆಯ ತಲೆಮಾರಿನ ಇರವು ನಿಂತಿರುತ್ತದೆ. 2023ರ ಮಾರ್ಚಿನಲ್ಲಿ ಬೆಂಗಳೂರಿನ ಮೆಟ್ರೊ ರೈಲು ಆ ಕಡೆಗೆ ತಲಪಿದಾಗ, ಕೊನೆಯ ನಿಲ್ದಾಣದ ಫಲಕದ ಮೇಲೆ ವೈಟ್‌ಫೀಲ್ಡ್, ಕಾಡುಗೋಡಿ ಎಂಬ ಎರಡು ಹೆಸರುಗಳನ್ನೂ ಒಟ್ಟಿಗೆ ಬರೆದರು. ಮೂಲನಿವಾಸಿಗಳ ಹಳ್ಳಿಯೂ ವಲಸಿಗರ ಊರೂ ಹೀಗೆ ಒಂದೇ ಫಲಕದಲ್ಲಿ ಕೂಡಲು ನೂರನಲವತ್ತು ವರ್ಷಗಳು ಹಿಡಿದುವು.