ಮತದಾರನ ಮನಸ್ಸಾಕ್ಷಿ

ನಮ್ಮ ಭಾಷೆಯಲ್ಲಿ ಧರ್ಮಕ್ಕೂ ವೋಟಿಗೂ 'ಮತ' ಎಂಬ ಒಂದೇ ಪದವಿದೆ. ಈ ಎರಡು ಮತಗಳು ಮುಖಾಮುಖಿಯಾದರೆ ಏನಾಗುತ್ತದೆ? ಅಮೆರಿಕದ ಕ್ಯಾಥೊಲಿಕ್ ಮತದಾರರ ಇತಿಹಾಸವನ್ನು ನೋಡಿ.

1960ರಲ್ಲಿ ಅಧ್ಯಕ್ಷ ಪದವಿಗೆ ನಿಂತ ಜಾನ್ ಕೆನಡಿ ಕ್ಯಾಥೊಲಿಕ್. ಗೆದ್ದರೆ ಪೋಪರ ಮಾತಿನಂತೆ ನಡೆದಾರೆಂದು ಹಲವು ಪ್ರೊಟೆಸ್ಟೆಂಟರು ಶಂಕಿಸಿದರು. ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರೊಟೆಸ್ಟೆಂಟ್ ಪಾದ್ರಿಗಳ ಎದುರಿಗೇ ಕೆನಡಿ, ಚರ್ಚು ಮತ್ತು ಸರ್ಕಾರ ಬೇರೆಬೇರೆಯಾಗಿರಬೇಕು ಎಂದರು. ಕ್ಯಾಥೊಲಿಕರಲ್ಲಿ ಬಹುಪಾಲು ಜನ ಅವರಿಗೇ ಮತ ಕೊಟ್ಟರು.

1973ರಲ್ಲಿ ಸುಪ್ರೀಂ ಕೋರ್ಟು ಗರ್ಭಪಾತ ಮಹಿಳೆಯ ಹಕ್ಕೆಂದು ತೀರ್ಪಿತ್ತಿತು (2022ರಲ್ಲಿ ಅದು ರದ್ದಾಯಿತು). ಅಲ್ಲಿಂದ ಅಭ್ಯರ್ಥಿಯ ಧರ್ಮಕ್ಕಿಂತ ಆತನ ನಿಲುವು ಮುಖ್ಯವಾಯಿತು. ಚರ್ಚಿನ ಪ್ರಕಾರ ಭ್ರೂಣಹತ್ಯೆ ಜೀವಹತ್ಯೆಯೇ. ಆದರೆ ಮರಣದಂಡನೆ, ಅಣುಯುದ್ಧ, ಹಸಿವು ಇವೂ ಜೀವದ ಪ್ರಶ್ನೆಗಳೇ ಎಂದು 1983ರಲ್ಲಿ ಶಿಕಾಗೊದ ಕಾರ್ಡಿನಲ್ ಬರ್ನಾರ್ಡಿನ್ ನೆನಪಿಸಿದರು. ಪೇಚು ಇರುವುದು ಇಲ್ಲಿ. ರಿಪಬ್ಲಿಕನ್ನರು ಗರ್ಭಪಾತವನ್ನು ವಿರೋಧಿಸಿ ಮರಣದಂಡನೆಯನ್ನು ಬೆಂಬಲಿಸಿದರು. ಡೆಮಾಕ್ರಟರು ಬಡವರ ಯೋಜನೆಗಳ ಜೊತೆಗೆ ಗರ್ಭಪಾತದ ಹಕ್ಕನ್ನೂ ಎತ್ತಿಹಿಡಿದರು. ವಿಜ್ಞಾನ ಓದಿದ ನನಗೆ ತಕ್ಕಡಿ ಗೊತ್ತು. ಇದಕ್ಕೆ ತೂಕದ ಕಲ್ಲು ಎಲ್ಲಿಂದ ತರುವುದು?

2004ರಲ್ಲಿ ಕ್ಯಾಥೊಲಿಕರೇ ಆದ ಜಾನ್ ಕೆರಿ ಸ್ಪರ್ಧಿಸಿದಾಗ, ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ ಅಮೆರಿಕದ ಬಿಷಪರಿಗೆ ಹೀಗೆ ತಿಳಿಸಿದರು: ಅಭ್ಯರ್ಥಿ ಗರ್ಭಪಾತದ ಪರ ಎಂಬ ಕಾರಣಕ್ಕಾಗಿಯೇ ಮತ ಕೊಟ್ಟರೆ ಕೆಡುಕಿನಲ್ಲಿ ಪಾಲುಗೊಂಡಂತೆ, ಅಷ್ಟೇ ಗುರುತರವಾದ ಬೇರೆ ಕಾರಣಗಳಿದ್ದರೆ ಕೊಡಬಹುದು. ಕಾರಣ ಎಷ್ಟು ಗುರುತರ ಎಂದು ಅಳೆಯುವ ಹೊಣೆ ಮತ್ತೆ ಮತದಾರನ ಹೆಗಲಿಗೇ ಬಿತ್ತು. ಆ ವರ್ಷ ಮತಗಟ್ಟೆ ಸಮೀಕ್ಷೆಗಳ ಪ್ರಕಾರ, ಕ್ಯಾಥೊಲಿಕರಲ್ಲಿ ಹೆಚ್ಚಿನವರು ಆರಿಸಿದ್ದು ಮೆಥಡಿಸ್ಟ್ ಚರ್ಚಿನ ಬುಷ್ ಅವರನ್ನು.