ಮುಖದ ಮೇಲಿನ ಬಿಳಿ ಎಲ್ಲಿ ಹೋಯಿತು?

ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆದ ಕೆಂಪು ಬಣ್ಣ ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಹೋಗುತ್ತದೆ ಅನ್ನುವುದು ನಮ್ಮ ಹೊಸರಿತ್ತಿ ಕಡೆಯವರಿಗೆ ಹೆಮ್ಮೆಯ ಮಾತು. ಆದರೆ ಈಗ ಹಳ್ಳಿಯ ಅಂಗಡಿಗೂ ಬಂದಿರುವ ಹಲವು ಸನ್‌ಸ್ಕ್ರೀನ್ ಟ್ಯೂಬುಗಳಲ್ಲಿರುವುದು ಖನಿಜದ ಪುಡಿ: ಜಿಂಕ್ ಆಕ್ಸೈಡ್ ಇಲ್ಲವೇ ಟೈಟಾನಿಯಂ ಡೈಆಕ್ಸೈಡ್. ಅದರ ನ್ಯಾನೊ ಕಣ ಚರ್ಮದೊಳಗೆ ಇಳಿದು ರಕ್ತ ಸೇರುತ್ತದೆಯೇ ಎಂದು ಅನೇಕರು ಹೆದರುತ್ತಾರೆ. ಈ ಭಯಕ್ಕೂ ಒಂದು ಇತಿಹಾಸವಿದೆ.

ಅತಿ ಸಣ್ಣ ಕಣ ನಮಗೆ ಹೊಸದಲ್ಲ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಹಿಡಿದ ಕಾಡಿಗೆಯ ಮಸಿಯ ಕಣಗಳೂ ಮೂಲದಲ್ಲಿ ನ್ಯಾನೊ ಗಾತ್ರದವೇ. ಖನಿಜದ ಪುಡಿಯೂ ಹಳೆಯದು. ತುರಿಕೆಗೆ ಹಚ್ಚುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದು ಸತುವಿನ ಪುಡಿ. ಹಾಗೆಂದು ಹಳೆಯದೆಲ್ಲ ಒಳ್ಳೆಯದೂ ಅಲ್ಲ. ಅರಿಸಿನದ ಕುಂಕುಮದ ಜಾಗಕ್ಕೆ ಸೀಸದ ಸಿಂಧೂರ ಬಂದಲ್ಲಿ ವಿಷವೂ ಬಂತು. ಅದಕ್ಕೇ ಪ್ರಸಾಧನಗಳ ಬಣ್ಣಕ್ಕೆ ಸೀಸ, ಆರ್ಸೆನಿಕ್ ಬಳಸುವುದನ್ನು ನಮ್ಮ ಕಾನೂನು ನಿಷೇಧಿಸಿದೆ.

1990ರ ದಶಕದಲ್ಲಿ ಟಿ.ವಿ.ಯಲ್ಲಿ ಕ್ರಿಕೆಟ್ ನೋಡಿದವರಿಗೆ ಮುಖಕ್ಕೆ ಸುಣ್ಣ ಬಳಿದಂತೆ ಕಾಣುತ್ತಿದ್ದ ಆಟಗಾರರು ನೆನಪಿರಬಹುದು. ಅದು ಜಿಂಕ್ ಆಕ್ಸೈಡ್. ಬಿಸಿಲಿನ ನೇರಳಾತೀತ ಕಿರಣವನ್ನು ಚೆನ್ನಾಗಿ ತಡೆಯುತ್ತಿತ್ತು, ಆದರೆ ಬಿಳಿ ಬಳಿದುಕೊಂಡು ಓಡಾಡಲು ಜನ ಒಪ್ಪಲಿಲ್ಲ. ಕಂಪನಿಗಳು ಕಣವನ್ನು ಸಣ್ಣದು ಮಾಡಿದವು. ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಸುಮಾರು ಅಷ್ಟು. ಬಿಳಿ ಮಾಯವಾಯಿತು, ಅನುಮಾನ ಹುಟ್ಟಿತು.

1997ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳಿದ್ದ ತಂಡವೊಂದು, ಸನ್‌ಸ್ಕ್ರೀನಿನ ಟೈಟಾನಿಯಂ ಡೈಆಕ್ಸೈಡ್ ಬೆಳಕು ಬಿದ್ದಾಗ ಡಿಎನ್‌ಎಗೆ ಹಾನಿ ಮಾಡಬಲ್ಲದು ಎಂದು ಪ್ರಯೋಗಾಲಯದಲ್ಲಿ ತೋರಿಸಿತು. ಇಂಥ ಹಾನಿ ತಡೆಯಲು ಕಣಗಳಿಗೆ ಸಿಲಿಕಾ, ಅಲ್ಯುಮಿನಾದ ಲೇಪ ಕೊಡುತ್ತಾರೆ. ಇನ್ನು ಚರ್ಮ ದಾಟುವ ಪ್ರಶ್ನೆ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 20 ಜನ 5 ದಿನ ಕಡಲ ತೀರದಲ್ಲಿ ಕ್ರೀಮು ಹಚ್ಚಿಕೊಂಡರು. ಅದರ ಸತುವಿಗೆ ಗುರುತು ಹಿಡಿಯಬಹುದಾದ ವ್ಯವಸ್ಥೆ ಇತ್ತು. ರಕ್ತದಲ್ಲಿ ಅದು ಸಿಕ್ಕಿತು ನಿಜ, ಆದರೆ ಊಟದಿಂದ ಮೊದಲೇ ರಕ್ತದಲ್ಲಿರುವ ಸತುವಿನ ಸುಮಾರು ಸಾವಿರದಲ್ಲೊಂದು ಪಾಲಷ್ಟೇ.

ನಿಜವಾದ ಎಚ್ಚರ ಬೇಕಾದದ್ದು ಉಸಿರಿನ ದಾರಿಯಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ: ಕೈಗೆ ಹತ್ತುವ ಖಾರ ಬೇರೆ, ಮೂಗಿಗೆ ಏರುವ ಘಾಟು ಬೇರೆ. ಟೈಟಾನಿಯಂ ಡೈಆಕ್ಸೈಡಿನ ದೂಳು ಉಸಿರಿನೊಂದಿಗೆ ಒಳಗೆ ಹೋದರೆ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ವರ್ಗೀಕರಿಸಿತು. ಯುರೋಪ್ ಒಕ್ಕೂಟ 2016ರಲ್ಲಿ ಈ ಎರಡೂ ನ್ಯಾನೊ ಪುಡಿಗಳನ್ನು ಸನ್‌ಸ್ಕ್ರೀನಿನಲ್ಲಿ ಶೇ 25ರವರೆಗೆ ಒಪ್ಪಿತು, ಶ್ವಾಸಕೋಶಕ್ಕೆ ಹೋಗಬಹುದಾದ ಸ್ಪ್ರೇಗಳಿಗೆ ಒಪ್ಪಲಿಲ್ಲ.

ಆದ್ದರಿಂದ ಕ್ರೀಮು ಹಚ್ಚಬಹುದು, ಗಾಯದ ಮೇಲೆ ಬೇಡ. ಮುಖಕ್ಕೆ ಸ್ಪ್ರೇ ಹೊಡೆಯಬೇಡಿ, ಕೂಸಿನ ಮೂಗಿನ ಹತ್ತಿರ ಪೌಡರ್ ಕೊಡವಬೇಡಿ. ಇದಕ್ಕಿಂತ ಹೆಚ್ಚು ಹೆದರಬೇಕಾದದ್ದು ಲೈಸೆನ್ಸ್ ನಂಬರ್ ಇಲ್ಲದ, ಬೆಳ್ಳಗೆ ಮಾಡುವ ಕ್ರೀಮಿಗೆ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಪಾದರಸವಿದ್ದ ಅಂಥ ಕ್ರೀಮುಗಳಿಂದ ಕಿಡ್ನಿ ಕೆಟ್ಟ ಪ್ರಕರಣಗಳನ್ನು ವೈದ್ಯರು ಗುರುತಿಸಿದರು. ಹೊಲಕ್ಕೆ ಕಳೆ ತೆಗೆಯಲು ಹೋಗುವವರಿಗೆ ತಲೆ ಮೇಲಿನ ಸೆರಗು, ತೋಳು ಮುಚ್ಚುವ ಹಳೆ ಅಂಗಿ ಇಂದಿಗೂ ಮೊದಲ ರಕ್ಷಣೆ.