ಮೈಸೂರಿನಲ್ಲಿ ರಾಜ್ಯಶಾಸ್ತ್ರದ ವ್ಯಾಸಂಗ

ಬಿ.ಎ. ತರಗತಿಯಲ್ಲಿ ರಾಜ್ಯಶಾಸ್ತ್ರವನ್ನು ಬೋಧಿಸುವವರಿಗೆ ಪ್ರತಿವರ್ಷವೂ ಮೊದಲ ವಾರದಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ‘ಸಬ್ಜೆಕ್ಟ್’ ಎಂದರೆ ಅರಸನ ಆಳ್ವಿಕೆಗೆ ಒಳಪಟ್ಟವನು. ‘ಸಿಟಿಜನ್’ ಎಂದರೆ ರಾಜ್ಯದ ಅಧಿಕಾರದಲ್ಲಿ ತಾನೂ ಪಾಲುಳ್ಳವನು. ಈ ಎರಡಕ್ಕೂ ಕನ್ನಡದಲ್ಲಿ ಏನೆನ್ನುವಿರಿ ಎಂದು ನಾವು ಕೇಳಿದರೆ, ಮುಂದಿನ ಬೆಂಚಿನಿಂದಲೂ ಹಿಂದಿನ ಬೆಂಚಿನಿಂದಲೂ ಬರುವ ಉತ್ತರ ಒಂದೇ: ‘ಪ್ರಜೆ’. ಅದು ತಪ್ಪೆನ್ನಲು ನಮಗೆ ಬಾಯಿ ಬಾರದು. ಅರಸನ ಪ್ರಜೆ ಎನ್ನುತ್ತೇವೆ, ಪ್ರಜಾಪ್ರಭುತ್ವ ಎಂದೂ ಎನ್ನುತ್ತೇವೆ. ಸಂಸ್ಕೃತದಲ್ಲಿ ಆ ಪದಕ್ಕೆ ಸಂತಾನ ಎಂಬ ಅರ್ಥವೂ ಉಂಟು. ಆಳುವವನು ತಂದೆ, ಆಳಿಸಿಕೊಳ್ಳುವವರು ಮಕ್ಕಳು ಎಂಬ ಭಾವನೆ ಪದದ ಹೊಟ್ಟೆಯಲ್ಲಿಯೇ ಅಡಗಿದೆ. ‘ನಾಗರಿಕ’ ಎಂಬ ಪದವನ್ನು ಪುಸ್ತಕದವರು ಬಳಕೆಗೆ ತಂದರು. ಆದರೆ ಮನೆಮಾತಿನಲ್ಲಿ ನಾಗರಿಕನೆಂದರೆ ನಯವಂತ, ಸಭ್ಯ. ‘ಪೌರ’ ಎಂದರೆ ಊರಿನ ಚರಂಡಿ ದೀಪಗಳ ನೆನಪು ಬರುತ್ತದೆ.

ಇದು ನಿಘಂಟಿನ ಗೊಂದಲವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಮೈಸೂರು ಸಂಸ್ಥಾನದಲ್ಲಿ ರಾಜ್ಯಶಾಸ್ತ್ರವನ್ನು ಓದಿದ ತರುಣರ ಮುಂದೆ ಇದೇ ಗೊಂದಲವು ಬೇರೆ ರೂಪದಲ್ಲಿ, ಬಹಳ ಗಂಭೀರವಾಗಿ ನಿಂತಿದ್ದಿತು.

ವಿಶ್ವವಿದ್ಯಾನಿಲಯಗಳಲ್ಲಿ ಈ ಶಾಸ್ತ್ರಕ್ಕೆ ಬೇರೆ ಪೀಠ ದೊರೆತದ್ದು ಎಲ್ಲೆಡೆಯೂ ನಿಧಾನವಾಗಿ. ಸ್ವೀಡನ್ನಿನ ಉಪ್ಸಾಲದಲ್ಲಿ 1622ರಲ್ಲಿ ಒಂದು ಪೀಠ ಸ್ಥಾಪಿತವಾಯಿತು. ಅಮೆರಿಕದ ಕೊಲಂಬಿಯದಲ್ಲಿ ಜಾನ್ ಬರ್ಜೆಸ್ ಅವರು ಇದಕ್ಕೆಂದೇ ವಿದ್ಯಾಶಾಲೆಯನ್ನು ತೆರೆದದ್ದು 1880ರಲ್ಲಿ. ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಕೂಡಿಸಿದ ಪದವಿಯ ಪಾಠಕ್ರಮ ಹುಟ್ಟಿದ್ದು 1920ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯವಾದರೋ ಅದಕ್ಕೆ ನಾಲ್ಕು ವರ್ಷ ಮುಂಚೆ, 1916ರ ಜುಲೈ 27ರಂದು ಸ್ಥಾಪಿತವಾಗಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರವರು ಛಾನ್ಸಲರು, ಎಚ್. ವಿ. ನಂಜುಂಡಯ್ಯನವರು ಮೊದಲ ವೈಸ್ ಛಾನ್ಸಲರು. ಅದುವರೆಗೆ ಮದರಾಸಿನ ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದ ಮಹಾರಾಜಾ ಕಾಲೇಜು, ಸೆಂಟ್ರಲ್ ಕಾಲೇಜುಗಳು ಹೊಸ ವಿಶ್ವವಿದ್ಯಾನಿಲಯಕ್ಕೆ ಸೇರಿದುವು. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂಬ ತ್ರಿವಳಿ ಜೋಡಣೆಯು ಕನ್ನಡನಾಡಿನ ಕಾಲೇಜುಗಳಲ್ಲಿ ಎಷ್ಟು ಬೇರೂರಿತೆಂದರೆ, ನಾವು ಬಿ.ಎ. ಸೇರಿದ ಕಾಲಕ್ಕೆ ಅದರ ಇಂಗ್ಲಿಷ್ ಮೊದಲಕ್ಷರಗಳಾದ ‘ಎಚ್.ಇ.ಪಿ.’ ಎಂದರೆ ಸಾಕಾಗಿತ್ತು. ಬಿಡಿಸಿ ಹೇಳುವವರೇ ಇರಲಿಲ್ಲ.

ಆ ಮೊದಲ ದಶಕಗಳಲ್ಲಿ ಭಾರತದ ಕಾಲೇಜುಗಳಲ್ಲಿ ಪ್ರಚಾರದಲ್ಲಿದ್ದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಕೆನಡದ ಸ್ಟೀಫನ್ ಲೀಕಾಕ್ ಅವರದು 1906ರದು. ಈ ಮಹನೀಯರು ಹಾಸ್ಯಬರಹಗಳಿಂದ ಲೋಕವನ್ನೆಲ್ಲ ನಗಿಸಿದವರು. ಅವರ ಪಠ್ಯಪುಸ್ತಕವನ್ನು ಓದಿದ ವಿದ್ಯಾರ್ಥಿಗೆ ಅದರ ಸುಳಿವು ಸಿಕ್ಕಿರಲಾರದು. ಬಂಗಾಳದಲ್ಲಿ ಅಧ್ಯಾಪಕರಾಗಿದ್ದ ಗಿಲ್‌ಕ್ರಿಸ್ಟ್ ಅವರ ಗ್ರಂಥ 1921ರಲ್ಲಿ ಬಂದಿತು, ಲಾಸ್ಕಿಯವರದು 1925ರಲ್ಲಿ. ಇಂಥ ಪುಸ್ತಕಗಳು ಗ್ರೀಕರ ‘ಪೊಲಿಸ್’ ಎಂಬ ನಗರರಾಜ್ಯದಿಂದ ಆರಂಭವಾಗುವುದು ವಾಡಿಕೆ. (ಈ ಪದವನ್ನು ಕೇಳಿದೊಡನೆ ಪೋಲೀಸರನ್ನು ನೆನೆಯದ ವಿದ್ಯಾರ್ಥಿಯನ್ನು ನಾವು ಇನ್ನೂ ಕಂಡಿಲ್ಲ. ಎರಡೂ ಒಂದೇ ಬೇರಿನಿಂದ ಬಂದವು ಎಂದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ.)

ಅನಂತರ ಬರುವುದು ಸಾರ್ವಭೌಮತ್ವದ ಅಧ್ಯಾಯ, ಅದರಲ್ಲಿ ಜಾನ್ ಆಸ್ಟಿನ್. 1832ರಲ್ಲಿ ಆತನು ಪ್ರತಿಪಾದಿಸಿದ್ದರ ಸಾರ ಇಷ್ಟು: ಸಮಾಜದ ಬಹುಭಾಗ ಜನರು ಯಾರ ಮಾತನ್ನು ರೂಢಿಯಾಗಿ ಕೇಳುವರೋ, ಆದರೆ ಯಾರು ತನಗಿಂತ ಮೇಲಿನ ಇನ್ನೊಬ್ಬನ ಮಾತನ್ನು ಕೇಳುವ ರೂಢಿಯಲ್ಲಿಲ್ಲವೋ ಆತನೇ ಸಾರ್ವಭೌಮ. ಇದಕ್ಕೆ ಹೆನ್ರಿ ಮೇನ್ ಎತ್ತಿದ ಆಕ್ಷೇಪಣೆಯು ನಮ್ಮ ದೇಶದ್ದೇ ಎಂಬುದು ಸ್ವಾರಸ್ಯ. ಪಂಜಾಬಿನ ರಣಜಿತ್ ಸಿಂಹನ ಮಾತು ಮೀರಿದವನಿಗೆ ಉಳಿವಿರಲಿಲ್ಲ. ಆದರೂ ಆತನು ಆಸ್ಟಿನ್ ಹೇಳುವ ಅರ್ಥದ ಶಾಸನವೊಂದನ್ನೂ ಮಾಡಲಿಲ್ಲ, ಹಳ್ಳಿಯ ಬಾಳನ್ನು ಆಳುತ್ತಿದ್ದುದು ಹಳೆಯ ಕಟ್ಟಳೆ ಎಂದು ಮೇನ್ ತೋರಿಸಿದನು.

ಪಂಜಾಬಿನವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಆಸ್ಟಿನ್ನನ ಅಳತೆಗೋಲನ್ನು ಮೈಸೂರಿನ ವಿದ್ಯಾರ್ಥಿಯು ತನ್ನ ಊರಿಗೇ ಇಟ್ಟು ನೋಡಿದರೆ ಏನಾಗುತ್ತಿದ್ದಿತು? ಪ್ರಜೆಗಳು ರೂಢಿಯಾಗಿ ಮಾತು ಕೇಳುತ್ತಿದ್ದುದು ಮಹಾರಾಜರ ಸರಕಾರದ್ದು. ಆದರೆ ಬೆಂಗಳೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಿದ್ದರು. 1881ರಲ್ಲಿ ರಾಜ್ಯವನ್ನು ಚಾಮರಾಜ ಒಡೆಯರಿಗೆ ಹಿಂದಿರುಗಿಸಿದಾಗ ಷರತ್ತುಗಳ ಪಟ್ಟಿಯನ್ನೇ ಕೂಡ ಕೊಡಲಾಗಿದ್ದಿತು. 1913ರ ಕೌಲುಪತ್ರವು ಅದರ ಬಿಗಿಯನ್ನು ಸ್ವಲ್ಪ ಸಡಿಲಿಸಿತು, ಅಷ್ಟೆ. ವರ್ಷಕ್ಕೆ 35 ಲಕ್ಷ ರೂಪಾಯಿಗಳ ಕಪ್ಪ ಹೋಗುತ್ತಿದ್ದಿತು. ಹಾಗಾದರೆ ಸಾರ್ವಭೌಮನು ಯಾರು? ಅರಮನೆಯ ದೀಪಗಳು ಕಾಣುವಷ್ಟು ಸಮೀಪದ ಕಾಲೇಜಿನಲ್ಲಿ ಕುಳಿತು ಈ ಪ್ರಶ್ನೆಗೆ ಉತ್ತರ ಬರೆಯುವುದು ಇಂಗ್ಲೆಂಡಿನ ಹುಡುಗನೊಬ್ಬನು ಅದೇ ಪ್ರಶ್ನೆಗೆ ಬರೆದಂತಲ್ಲ.

ಹಾಗೆಂದು ಮೈಸೂರು ಬರಿಯ ದರ್ಬಾರಿನ ರಾಜ್ಯವಾಗಿರಲಿಲ್ಲ. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ್ದರು. ಭಾರತದ ಸಂಸ್ಥಾನಗಳಲ್ಲಿ ಇಂಥದು ಮೊದಲನೆಯದು. ದಸರೆಯ ಕಾಲಕ್ಕೆ ತಾಲ್ಲೂಕುಗಳಿಂದ ಬಂದವರು ಕೆರೆ, ರಸ್ತೆ, ಕಂದಾಯಗಳ ಅಹವಾಲನ್ನು ಹೇಳಿಕೊಳ್ಳುತ್ತಿದ್ದರು; ದಿವಾನರು ಉತ್ತರ ಕೊಡುತ್ತಿದ್ದರು. ಸಭೆಗೆ ಕಾನೂನು ಮಾಡುವ ಅಧಿಕಾರವಿಲ್ಲ, ದಿವಾನರನ್ನು ಇಳಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆಯೊಂದು ಸೇರಿತು. ಅಧಿವೇಶನಗಳು ನಡೆದ ಜಗನ್ಮೋಹನ ಅರಮನೆಯಲ್ಲಿಯೇ ವಿಶ್ವವಿದ್ಯಾನಿಲಯದ ಆರಂಭಕಾಲದ ಘಟಿಕೋತ್ಸವಗಳೂ ನಡೆದುವು. ರಾಜ್ಯಶಾಸ್ತ್ರದ ಪದವಿಯನ್ನು ಪಡೆದ ಚಾವಡಿಯೂ ರಾಜ್ಯದ ವ್ಯವಹಾರದ ಚಾವಡಿಯೂ ಒಂದೇ ಆಗಿದ್ದುವು.

ಇವೆರಡರ ನಂಟು ಇದಕ್ಕಿಂತಲೂ ನಿಕಟವಾದದ್ದು. ರಾಜ್ಯಾಂಗ ಸುಧಾರಣೆಗಾಗಿ 1922ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾದವರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರೇ ಆಗಿದ್ದ ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲರು. ಇಂಗ್ಲೆಂಡಿನ ಪಾರ್ಲಿಮೆಂಟಿನ ಮಾದರಿಯನ್ನು ಹಾಗೆಯೇ ಮೈಸೂರಿಗೆ ತರುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಪ್ರತಿನಿಧಿಸಭೆಯು ಜನಾಭಿಪ್ರಾಯವನ್ನು ತಿಳಿಸತಕ್ಕದ್ದು, ಕಾರ್ಯಾಂಗವು ಆ ಸಭೆಗೆ ಅಧೀನವಾಗತಕ್ಕದ್ದಲ್ಲ ಎಂಬುದು ಅವರ ಯೋಜನೆಯ ತಿರುಳು. 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆಯಿತು, ಹಕ್ಕುಗಳೂ ಕೆಲವು ಹೆಚ್ಚಿದುವು. ಅಷ್ಟು ದೊಡ್ಡ ವಿದ್ವಾಂಸರು ಅಷ್ಟು ಪಾಂಡಿತ್ಯವನ್ನು ವೆಚ್ಚಮಾಡಿ ಕಟ್ಟಿದ್ದು ‘ಪ್ರಜೆ’ ಎಂಬ ಪದದ ಎರಡು ಅರ್ಥಗಳ ನಡುವಣ ಒಂದು ಜಗಲಿ ಎಂದು ನಮಗೆ ತೋರುತ್ತದೆ. ಬಹುಕಾಲ ಕೂಡಬಹುದಾದ ಜಾಗ ಅದಲ್ಲ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳದೆ ಇರಲಾರೆವು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ್ದ ಗ್ರಂಥಲಿಪಿಯ ತಾಳೆಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಮೂಲವನ್ನು 1909ರಲ್ಲಿ ಅಚ್ಚು ಹಾಕಿಸಿದರು. ಇಂಗ್ಲಿಷ್ ಅನುವಾದವು 1915ರಲ್ಲಿ, ಎಂದರೆ ವಿಶ್ವವಿದ್ಯಾನಿಲಯ ಹುಟ್ಟುವ ಹಿಂದಿನ ವರ್ಷ, ಹೊರಬಿದ್ದಿತು. ಭಾರತೀಯರಿಗೆ ರಾಜ್ಯಚಿಂತನೆಯೇ ಇರಲಿಲ್ಲವೆಂದು ಹೇಳುತ್ತಿದ್ದವರ ಬಾಯಿ ಕಟ್ಟಿತು. ದೇಶಾಭಿಮಾನಿಗಳು ಹಿಗ್ಗಿದರು, ಕೆಲವರು ಹಿಗ್ಗಿನಲ್ಲಿ, ಆಧುನಿಕ ಮಂತ್ರಿಮಂಡಲವನ್ನೂ ಅದರೊಳಗೆ ಕಂಡುಬಿಟ್ಟರು. ಮೌರ್ಯರ ಮಂತ್ರಿ ಚಾಣಕ್ಯನೇ ಇದನ್ನು ಬರೆದನೆಂದು ಅಂದು ಬಹುಮಂದಿ ನಂಬಿದ್ದರು. ಈಚಿನ ವಿದ್ವಾಂಸರಲ್ಲಿ ಹಲವರು ಗ್ರಂಥವು ಅದಕ್ಕಿಂತ ಕೆಲವು ಶತಮಾನ ಈಚಿನದೆಂದೂ ಅನೇಕರ ಕೈ ಅದರಲ್ಲಿದೆಯೆಂದೂ ತೀರ್ಮಾನಿಸಿದ್ದಾರೆ. ಅದೇನೇ ಇರಲಿ, ಕೌಟಿಲ್ಯನ ಗ್ರಂಥದಲ್ಲಿ ಪ್ರಜೆಯ ಸುಖವನ್ನು ಕಾಯಬೇಕಾದ ಅರಸನಿದ್ದಾನೆ, ಅವನ ಗೂಢಚಾರರಿದ್ದಾರೆ, ತೂಕ ಅಳತೆಗಳ ಅಧ್ಯಕ್ಷರಿದ್ದಾರೆ. ಅರಸನನ್ನು ಲೆಕ್ಕ ಕೇಳುವ ಹಕ್ಕುಳ್ಳ ನಾಗರಿಕನಿಲ್ಲ. ನಮ್ಮ ವಿದ್ಯಾರ್ಥಿಗೆ ಬೇಕಾಗಿದ್ದ ಪದವು ತಾಳೆಗರಿಯಲ್ಲಿಯೂ ಸಿಗಲಿಲ್ಲ.

ಅದು ಸಿಕ್ಕಿದ್ದು ಬೀದಿಯಲ್ಲಿ. 1938ರ ಏಪ್ರಿಲ್ ತಿಂಗಳಲ್ಲಿ ಶಿವಪುರದ ಧ್ವಜಸತ್ಯಾಗ್ರಹ, ವಿದುರಾಶ್ವತ್ಥದ ಗೋಲೀಬಾರು. 1947ರ ಆಗಸ್ಟ್ 15 ಕಳೆದರೂ ಮೈಸೂರಿನಲ್ಲಿ ಜವಾಬ್ದಾರಿ ಸರಕಾರವಿಲ್ಲದಿರಲು, ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರಬಂದರು. ಆ ತಿಂಗಳಲ್ಲಿಯೇ ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ಹುಡುಗನು ಗುಂಡಿಗೆ ಬಲಿಯಾದನು. ಅವನು ಇನ್ನೂ ಹೈಸ್ಕೂಲಿನ ವಿದ್ಯಾರ್ಥಿ. ಆಸ್ಟಿನ್ನನ ಅಧ್ಯಾಯವನ್ನು ಓದುವ ವಯಸ್ಸು ಅವನಿಗೆ ಬಂದಿರಲಿಲ್ಲ. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಏರ್ಪಟ್ಟಿತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆಯು ವಿಸರ್ಜನೆಯಾಯಿತು. 1950ರ ಜನವರಿ 26ರಿಂದ ಮೈಸೂರಿನವರೆಲ್ಲರೂ ಪುಸ್ತಕದ ಅರ್ಥದಲ್ಲಿಯೂ ನಾಗರಿಕರಾದರು.

ಕನ್ನಡದಲ್ಲಿ ಈ ಶಾಸ್ತ್ರವನ್ನು ಹೇಳುವ ಕೆಲಸವನ್ನು ಗಟ್ಟಿಯಾಗಿ ಹಿಡಿದವರಲ್ಲಿ ಡಿ. ವಿ. ಗುಂಡಪ್ಪನವರು ಮುಖ್ಯರು, ಅವರು ಯಾವ ಕಾಲೇಜಿನ ಪದವೀಧರರೂ ಆಗಿರಲಿಲ್ಲ ಎಂಬುದನ್ನು ನಾವು ಅಧ್ಯಾಪಕರು ಆಗಾಗ್ಗೆ ನೆನೆದುಕೊಳ್ಳುವುದು ಒಳ್ಳೆಯದು. 1956ರಿಂದ 1960ರ ವರೆಗೆ ಕುವೆಂಪು ಅವರು ವೈಸ್ ಛಾನ್ಸಲರಾಗಿದ್ದಾಗ ಕನ್ನಡ ಮಾಧ್ಯಮಕ್ಕೆ ಬಲ ಬಂದಿತು. ಈಗ ನಮ್ಮ ತರಗತಿಯಲ್ಲಿ ಬಹುಮಂದಿ ಕನ್ನಡದಲ್ಲಿಯೇ ಉತ್ತರ ಬರೆಯುತ್ತಾರೆ. ಸಂವಿಧಾನದ ಪೀಠಿಕೆಯ ಕೆಲವು ಕನ್ನಡ ಪಾಠಗಳಲ್ಲಿಯೂ ‘ಪ್ರಜೆ’ ಎಂಬ ಪದವೇ ಇರುವುದರಿಂದ ಗೊಂದಲವೇನೋ ಹೋಗಿಲ್ಲ.

ಕಳೆದ ಸಲದ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿನಿಯು ಮೊದಲು ‘ಪ್ರಜೆ’ ಎಂದು ಬರೆದು, ಅದನ್ನು ಹೊಡೆದು ‘ನಾಗರಿಕ’ ಎಂದು ಮಾಡಿ, ಅದನ್ನೂ ಹೊಡೆದು ಮತ್ತೆ ‘ಪ್ರಜೆ’ ಎಂದೇ ಬರೆದಿದ್ದಳು. ಪಕ್ಕದಲ್ಲಿ, ‘1947ರ ಅನಂತರದ ಅರ್ಥದಲ್ಲಿ’ ಎಂದು ಚಿಕ್ಕ ಅಕ್ಷರಗಳಲ್ಲಿ ಸೇರಿಸಿದ್ದಳು. ಆ ಪ್ರಶ್ನೆಗೆ ಪೂರ್ಣ ಅಂಕಗಳನ್ನು ಕೊಟ್ಟೆವು.